ನಲವತ್ತೈದು ಎಲೆಗೆ ಬೀನ್ಸ್ ಪಲ್ಯ: ಮೂರು ವಾರದ ನೋಟ್‌ಬುಕ್

ನಾನು ಅಡುಗೆಯವನಲ್ಲ. ಬಳ್ಳಾರಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಸುಟ್ಟ ಮೋಟಾರ್ ಬಂದರೆ ಎಷ್ಟು ಸುತ್ತು, ಎಷ್ಟು ಗೇಜ್ ತಂತಿ, ಎಷ್ಟು ತೂಕ ಅಂತ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಈ ಸಲ ಅದೇ ನೋಟ್‌ಬುಕ್ಕಿನ ಬಲಗಡೆ ಪುಟಗಳಲ್ಲಿ ಬೀನ್ಸ್ ತುಂಬಿಕೊಂಡಿದೆ.

ಆಗಿದ್ದಿಷ್ಟು. ಮಾರ್ಚ್‌ನಲ್ಲಿ ನೆಂಟರ ಮನೆ ಕಾರ್ಯಕ್ಕೆ ಹೋಗಿದ್ದೆವು. ಎಲೆಗೆ ಬಿದ್ದ ಬೀನ್ಸ್ ಪಲ್ಯ ಖಾಕಿ ಬಣ್ಣಕ್ಕೆ ತಿರುಗಿತ್ತು, ಪಕ್ಕದಲ್ಲಿ ನೀರು ಹರಿದು ಚಿತ್ರಾನ್ನದ ಕಡೆ ಹೊರಟಿತ್ತು. ನಾನು ಬಾಯಿ ಮುಚ್ಚಿಕೊಂಡು ತಿನ್ನಬೇಕಿತ್ತು. "ಇದು ಪಲ್ಯನೋ, ಪೊಲೀಸ್ ಪ್ಯಾಂಟೋ" ಅಂದುಬಿಟ್ಟೆ. ಎದುರಿಗೆ ಕೂತಿದ್ದ ತಂಗಿ ಬಿಡಲಿಲ್ಲ. "ಅಷ್ಟು ಗೊತ್ತಿದ್ರೆ ಏಪ್ರಿಲ್‌ನಾಗ ನನ್ನ ಮಗಳ ಕುಬಸ ಐತಲ್ಲ, ಪಲ್ಯ ನೀನೇ ಮಾಡಣ್ಣ. ಉಳಿದಿದ್ದು ಅಡುಗೆಯವರು ಮಾಡ್ತಾರ." ಕುಬಸ ಅಂದರೆ ನಮ್ಮ ಕಡೆಯ ಸೀಮಂತ. ಎಲ್ಲರೂ ನಕ್ಕರು. ಮನೆಗೆ ಬರುವಷ್ಟರಲ್ಲಿ ಅದು ನಗೆ ಮಾತಾಗಿ ಉಳಿದಿರಲಿಲ್ಲ.

ಬೇಕಾಗಿದ್ದು ಮೂರು. ಪಲ್ಯ ಹಸಿರಾಗಿರಬೇಕು. ಹಲ್ಲಿಲ್ಲದ ಅವ್ವನೂ ತಿನ್ನುವಷ್ಟು ಮೆತ್ತಗಿರಬೇಕು. ಬೆಳಗ್ಗೆ ಮಾಡಿದ್ದು ಮಧ್ಯಾಹ್ನ ಒಂದು ಗಂಟೆಯ ತನಕ, ಅದೂ ಬಳ್ಳಾರಿ ಬಿಸಿಲಿನಲ್ಲಿ, ಕೆಡದೆ ಇರಬೇಕು.

ಸಾಮಾನು: ತಾಮ್ರದ ತಂತಿ ತೂಗುವ ಅಂಗಡಿಯ ಡಿಜಿಟಲ್ ತಕ್ಕಡಿ (ಚೆನ್ನಾಗಿ ತೊಳೆದು, ಮೇಲೆ ಸ್ಟೀಲ್ ತಟ್ಟೆ ಇಟ್ಟು), ಮೊಬೈಲಿನ ಟೈಮರ್, ಮನೆಯ ಕುಕ್ಕರ್, ಕಬ್ಬಿಣದ ಬಾಣಲೆ, ಇಡ್ಲಿ ಪಾತ್ರೆ. ಪರೀಕ್ಷೆಗೆ ಪ್ರತಿ ಸಲ ಅರ್ಧ ಕೆಜಿ. ಏಪ್ರಿಲ್ ಮೊದಲ ವಾರ ಬೀನ್ಸ್ ಕೆಜಿಗೆ 100 ರೂಪಾಯಿ ಇತ್ತು.

ಏಪ್ರಿಲ್ 6. ಕುಕ್ಕರ್

ಮೊದಲು ನಮ್ಮ ಮನೆಯಲ್ಲಿ ದಿನಾ ಮಾಡುವ ಹಾಗೆಯೇ ಮಾಡಿದೆ. ತೊಟ್ಟು, ನಾರು ತೆಗೆದ ಮೇಲೆ ಅರ್ಧ ಕೆಜಿ ಹೋಗಿ 450 ಗ್ರಾಂ ಉಳಿಯಿತು. ಮುಂದೆ ಎಲ್ಲಾ ಸಲವೂ ಹತ್ತಿರ ಹತ್ತಿರ ಇದೇ ಲೆಕ್ಕ ಬಂತು, ಹತ್ತರಲ್ಲಿ ಒಂದು ಪಾಲು ಕಸ. ಒಂದು ಸೆಂಟಿಮೀಟರ್ ತುಂಡು, ಅರ್ಧ ಲೋಟ ನೀರು, ಒಂದು ಸೀಟಿ. ಆವಿ ತಾನೇ ಇಳಿಯಲಿ ಅಂತ ಬಿಟ್ಟೆ.

ಮುಚ್ಚಳ ತೆಗೆದರೆ ಅದೇ ಪೊಲೀಸ್ ಪ್ಯಾಂಟು.

ಸೀಟಿ ಬಂದ ಕೂಡಲೇ ಕುಕ್ಕರನ್ನು ನಲ್ಲಿ ಕೆಳಗೆ ಹಿಡಿದು ಆವಿ ಇಳಿಸಿದರೆ ಹೇಗಿರುತ್ತಿತ್ತು ಅಂತ ಆಮೇಲೆ ಯೋಚಿಸಿದೆ. ಆದರೆ ನಲವತ್ತೈದು ಜನರ ಅಡುಗೆಗೆ ಅಷ್ಟು ದೊಡ್ಡ ಕುಕ್ಕರ್ ಹಿಡಿದು ನಲ್ಲಿ ಹತ್ತಿರ ಓಡುವವರು ಯಾರು? ಈ ದಾರಿ ಬಿಟ್ಟೆ. ರುಚಿಗೆ ಮಾತ್ರ ಮೋಸವಿರಲಿಲ್ಲ. ಅವ್ವ "ಬಣ್ಣ ತಗೊಂಡು ಏನು ಮಾಡ್ತಿಯೋ" ಅಂತ ಎರಡು ರೊಟ್ಟಿ ತಿಂದಳು.

ಏಪ್ರಿಲ್ 8. ಎರಡು ನೀರು, ಒಂದು ಚಿಟಿಕೆ ಸೋಡಾ

ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟ ದಿನ. ನಮ್ಮ ಮನೆಯಲ್ಲಿ ಎರಡು ನೀರಿದೆ. ಒಂದು ಬೋರ್ ನೀರು. ಬಕೆಟ್‌ಗೆ, ಗೀಸರ್ ಕಾಯಿಲ್‌ಗೆ ಬಿಳಿ ಪೊರೆ ಕಟ್ಟುವ ಗಡಸು ನೀರು. ಇನ್ನೊಂದು ನಲ್ಲಿ ನೀರು, ಅಂದರೆ ತುಂಗಭದ್ರಾ ಕಾಲುವೆಯಿಂದ ಬರುವ ನೀರು. ಅದು ಬಂದ ದಿನ ಡ್ರಮ್ಮಿಗೆ ತುಂಬಿಟ್ಟುಕೊಳ್ಳುತ್ತೇವೆ, ಕುಡಿಯೋಕೆ, ಬೇಳೆ ಬೇಯಿಸೋಕೆ. ಉಳಿದಿದ್ದಕ್ಕೆಲ್ಲ ಬೋರ್.

ಒಂದೇ ಥರದ ಎರಡು ಪಾತ್ರೆ. ಎರಡಕ್ಕೂ 200 ಗ್ರಾಂ ಬೀನ್ಸ್, ಒಂದೂವರೆ ಲೀಟರ್ ನೀರು, 15 ಗ್ರಾಂ ಉಪ್ಪು. ನೀರು ಕೊತ ಕೊತ ಕುದಿಯುವಾಗ ಬೀನ್ಸ್ ಹಾಕಿ ಮುಚ್ಚಳ ಮುಚ್ಚದೆ ಬಿಟ್ಟೆ. ನಿಮಿಷಕ್ಕೊಮ್ಮೆ ಎರಡರಿಂದಲೂ ಒಂದೊಂದು ತುಂಡು ತೆಗೆದು ಬೆರಳಿನಲ್ಲಿ ಒತ್ತಿ ನೋಡಿದೆ. ನಲ್ಲಿ ನೀರಿನದು 7 ನಿಮಿಷಕ್ಕೆ ಬೆಂದಿತ್ತು. ಬೋರ್ ನೀರಿನದು 7 ನಿಮಿಷಕ್ಕೂ ಹಲ್ಲಿಗೆ ಕಿರ್ ಅನ್ನುತ್ತಿತ್ತು. ಹತ್ತು ನಿಮಿಷ ಹತ್ತಿರ ಬಂದಾಗ ಮೆತ್ತಗಾಯಿತು, ಅಷ್ಟರಲ್ಲಿ ಬಣ್ಣ ಇಳಿದಿತ್ತು. ಬೇಳೆ ಬೋರ್ ನೀರಿನಲ್ಲಿ ಬೇಯಲ್ಲ ಅಂತ ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಕಾಯಿಪಲ್ಯಕ್ಕೂ ಅದೇ ಕಥೆ ಅಂತ ನನಗೆ ಗೊತ್ತಿರಲಿಲ್ಲ.

ಉಳಿದ 50 ಗ್ರಾಂ ಬೀನ್ಸನ್ನು ಬೇರೆ ಚಿಕ್ಕ ಪಾತ್ರೆಯಲ್ಲಿ ಚಿಟಿಕೆ ಸೋಡಾ ಹಾಕಿ ಬೇಯಿಸಿದೆ. ಹೋಟೆಲಿನವರ ಗುಟ್ಟು ಅಂತ ಯಾರೋ ಹೇಳಿದ್ದರು. ಬಣ್ಣ ನೋಡಿದರೆ ಪ್ಲಾಸ್ಟಿಕ್ ಹೂವಿನ ಎಲೆ. ಕೈಗೆ ತಗೊಂಡರೆ ಸಿಪ್ಪೆ ಜಾರಿ ಒಳಗಿನ ತಿರುಳು ಅಂಟಂಟು. ಬಾಯಲ್ಲಿ ಸಾಬೂನಿನ ನೆನಪು. ಸೋಡಾ ಡಬ್ಬಿ ಮತ್ತೆ ಮಿರ್ಚಿ ಬಜ್ಜಿ ದಿನಕ್ಕೆ ಅಂತ ಒಳಗೆ ಹೋಯಿತು.

ಇನ್ನೊಂದು ತಪ್ಪು ಇಲ್ಲೇ ಬರೆದುಬಿಡುತ್ತೇನೆ. ಬೆಂದ ಕೂಡಲೇ ಐಸ್ ನೀರಿಗೆ ಹಾಕಿದರೆ ಬಣ್ಣ ನಿಲ್ಲುತ್ತೆ ಅಂತ ವಿಡಿಯೋದಲ್ಲಿ ನೋಡಿದ್ದೆ. ನಿಲ್ಲುತ್ತೆ, ನಿಜ. ಆದರೆ ನಾನು ಹತ್ತು ನಿಮಿಷ ಅಲ್ಲೇ ಮರೆತೆ. ತುಂಡಿನ ಒಳಗೆಲ್ಲ ನೀರು ಸೇರಿ, ಒಗ್ಗರಣೆಗೆ ಹಾಕಿದಾಗ ಚಟಪಟ ಸಿಡಿದು, ಕೊನೆಗೆ ಪಲ್ಯದ ತಳದಲ್ಲಿ ಮತ್ತೆ ನೀರು ನಿಂತಿತು.

ಏಪ್ರಿಲ್ 11. ಪಕ್ಕದ ಮನೆ ಅಮ್ಮನ ವೇಪುಡು

ನಮ್ಮ ಬೀದಿಯಲ್ಲಿ ಅರ್ಧ ಮನೆ ಕನ್ನಡ, ಅರ್ಧ ಮನೆ ತೆಲುಗು. ವೇಪುಡು ಅಂದರೆ ತೆಲುಗಿನಲ್ಲಿ ಹುರಿದ ಪಲ್ಯ. ಪಕ್ಕದ ಮನೆ ಅಮ್ಮನಿಗೆ ನನ್ನ ಪರೀಕ್ಷೆ ಸುದ್ದಿ ಮುಟ್ಟಿತ್ತು. ಕಾಂಪೌಂಡ್ ಮೇಲಿಂದಲೇ "ನೀರು ಯಾಕೆ ಹಾಕ್ತೀಯಪ್ಪ ಅದಕ್ಕೆ? ಬೀನ್ಸ್ ತನ್ನ ನೀರಲ್ಲೇ ಬೇಯುತ್ತೆ" ಅಂದರು. ಬಂದು ನಿಂತು ಮಾಡಿಸಿದರು ಕೂಡ.

450 ಗ್ರಾಂ ಬೀನ್ಸ್, ಅರ್ಧ ಸೆಂಟಿಮೀಟರ್ ತುಂಡು. ತೊಳೆದದ್ದು ತುಂಡು ಮಾಡುವ ಮೊದಲೇ. ಆಮೇಲೆ ಬಟ್ಟೆಯಲ್ಲಿ ಒರೆಸಿದ್ದು. ಕಬ್ಬಿಣದ ಬಾಣಲೆಗೆ ಮೂರು ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು, ಎರಡು ಒಣಮೆಣಸಿನಕಾಯಿ. ಬೀನ್ಸ್ ಹಾಕಿ ಸಣ್ಣ ಉರಿ. ಉಪ್ಪು ಮೊದಲೇ ಹಾಕಬೇಡ ಅಂದರು. ಹಾಕಿದರೆ ನೀರು ಬಿಟ್ಟು ಹುರಿಯೋದು ಹೋಗಿ ಬೇಯೋದಾಗುತ್ತೆ. 12 ನಿಮಿಷಕ್ಕೆ ಅಂಚು ಸುಕ್ಕುಗಟ್ಟಿತು, 18ಕ್ಕೆ ಅಲ್ಲಲ್ಲಿ ಕಂದು ಚುಕ್ಕೆ ಬಿತ್ತು. ಆಗ ಉಪ್ಪು. ಕೊನೆಗೆ ಒಂದು ಹಿಡಿ ಶೇಂಗಾ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಬ್ಯಾಡಗಿ ಖಾರಪುಡಿ, ಮೂರನ್ನೂ ಸೇರಿಸಿ ಕುಟ್ಟಿದ ಪುಡಿ.

ಈ ಮೂರು ವಾರದಲ್ಲಿ ನಾನು ತಿಂದ ಅತ್ಯಂತ ರುಚಿಯಾದ ಬೀನ್ಸ್ ಇದೇ. ಬಿಸಿ ಅನ್ನ, ತುಪ್ಪ, ಇದು. ಇನ್ನೇನೂ ಬೇಡ. ಬಾಣಲೆಗೆ ಅಂಟಿದ ಪುಡಿಯನ್ನು ಮಗ ಬೆರಳಿನಿಂದ ಸವರಿ ತಿನ್ನುತ್ತಿದ್ದ.

ಆದರೆ ಕುಬಸಕ್ಕೆ ಆಗಲ್ಲ. ಬಾಣಲೆಯಲ್ಲಿ ಒಂದು ಪದರ ಮಾತ್ರ ಹರಡಿದರೆ ಇದು ವೇಪುಡು. ಜಾಸ್ತಿ ಹಾಕಿದರೆ ಮತ್ತೆ ಬೇಯಿಸಿದ ಪಲ್ಯವೇ. ನಾಲ್ಕು ಕೆಜಿ ಮಾಡಬೇಕಾದರೆ ಒಂಬತ್ತು ಸಲ, ಸಲಕ್ಕೆ ಇಪ್ಪತ್ತು ನಿಮಿಷ. ಜತೆಗೆ ಅವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು ತಟ್ಟೆಯ ಅಂಚಿಗೆ ತೆಗೆದಿಟ್ಟಳು. ಏನೂ ಹೇಳಲಿಲ್ಲ.

ಏಪ್ರಿಲ್ 13. ಪಾಟೋಳಿ, ಅಂದರೆ ನನ್ನ ದೊಡ್ಡ ಸೋಲು

ಗೋರಿಕಾಯಿಗೆ ಮಾಡುವ ಪಾಟೋಳಿಯನ್ನು ಬೀನ್ಸಿಗೆ ಮಾಡಿದರೆ ಹೇಗೆ ಅಂತ ಹೆಂಡತಿಯ ಸಲಹೆ. ಕಡಲೆಬೇಳೆ 200 ಗ್ರಾಂ ಎರಡು ಗಂಟೆ ನೆನೆಸಿ, ಒಣಮೆಣಸಿನಕಾಯಿ, ಜೀರಿಗೆ, ಇಂಗು ಹಾಕಿ ತರಿತರಿಯಾಗಿ ರುಬ್ಬಿ, ಆವಿಯಲ್ಲಿ ಬೇಯಿಸಿ, ಆರಿದ ಮೇಲೆ ಪುಡಿ ಮಾಡಿ ಬೆಂದ ಬೀನ್ಸಿಗೆ ಬೆರೆಸುವುದು.

ಅವಳು ಅಂಗಡಿಗೆ ಹೋಗಿದ್ದಳು. ನಾನು ಮಿಕ್ಸಿಗೆ ಹಾಕಿದೆ. ತಿರುಗಲಿಲ್ಲ. ಮೋಟಾರಿಗೆ ಲೋಡ್ ಜಾಸ್ತಿಯಾಯಿತು ಅಂತ ಕಸುಬಿನ ಬುದ್ಧಿ ಓಡಿಸಿ ಅರ್ಧ ಲೋಟ ನೀರು ಸುರಿದೆ. ಸೊಗಸಾಗಿ ತಿರುಗಿತು. ಬಂದಿದ್ದು ದೋಸೆ ಹಿಟ್ಟು. ಅದನ್ನೇ ಇಡ್ಲಿ ತಟ್ಟೆಗೆ ಹಾಕಿ 12 ನಿಮಿಷ ಬೇಯಿಸಿದೆ. ರಬ್ಬರ್ ವಾಷರ್ ತರಹದ ಬಿಲ್ಲೆಗಳು ಸಿಕ್ಕವು. ಪುಡಿಯಾಗಲಿಲ್ಲ, ಹರಿದವು. ಬೀನ್ಸಿಗೆ ಬೆರೆಸಿದಾಗ ಯಾರಿಗೂ ಇದು ಏನು ಅಂತ ಗೊತ್ತಾಗಲಿಲ್ಲ. ಹೆಂಡತಿ ಬಂದು ನೋಡಿ, ಬಿಲ್ಲೆಗಳನ್ನು ಚೌಕ ಮಾಡಿ ಎಣ್ಣೆಯಲ್ಲಿ ಕರಿದು ಚಹಾ ಜತೆ ಕೊಟ್ಟಳು. ಅದು ಚೆನ್ನಾಗಿತ್ತು.

ನೀರೇ ಹಾಕಬಾರದಂತೆ. ನೆನೆದ ಬೇಳೆಯ ನೀರು ಪೂರ್ತಿ ಬಸಿದು, ಸ್ವಲ್ಪ ಸ್ವಲ್ಪವೇ ಹಾಕಿ, ಮಿಕ್ಸಿಯನ್ನು ತಟ್ ತಟ್ ಅಂತ ಬಿಟ್ಟು ಬಿಟ್ಟು ತಿರುಗಿಸಬೇಕಂತೆ. ಮರುದಿನ ಅವಳು ಹಾಗೇ ಮಾಡಿ ತೋರಿಸಿದಳು, ಉದುರುದುರಾಗಿ ಬಂತು. ಅಷ್ಟು ಕೆಲಸ ನಲವತ್ತೈದು ಜನಕ್ಕೆ ನನ್ನಿಂದ ಆಗಲ್ಲ ಅಂತ ಅಲ್ಲಿಗೇ ಬಿಟ್ಟೆ.

ಏಪ್ರಿಲ್ 16. ಗುರೆಳ್ಳು, ಹುಣಸೆಹುಳಿ

ಬದನೆಕಾಯಿಗೆ ಹಾಕುವ ಹಾಗೆ ಗುರೆಳ್ಳ (ಹುಚ್ಚೆಳ್ಳಿನ) ಪುಡಿ, ಹುಣಸೆರಸ, ಬೆಲ್ಲ. ಅವ್ವನಿಗೆ ಅಂತಲೇ ಮಾಡಿದ್ದು. ಹುಳಿಯನ್ನು ಬೀನ್ಸ್ ಬೇಯುವ ಮೊದಲೇ ಹಾಕಿದೆ. ಕಾಲು ಗಂಟೆಯಾದರೂ ಬೇಯಲಿಲ್ಲ. ಹುಳಿ ಬಿದ್ದರೆ ಬೇಯೋದು ನಿಧಾನ, ಬಣ್ಣವೂ ಹೋಗುತ್ತೆ. ಮೊದಲು ಬೇಯಿಸಿಕೊಂಡು ಕೊನೆಗೆ ಹುಳಿ ಹಾಕಬೇಕಿತ್ತು. ಗುರೆಳ್ಳು ಸೇರಿದ ಮೇಲೆ ಹೇಗೂ ಎಲ್ಲಾ ಕಪ್ಪು, ಬಣ್ಣದ ಚಿಂತೆ ಇಲ್ಲ. ಜೋಳದ ರೊಟ್ಟಿಗೆ ಬೀನ್ಸ್ ಅಂದರೆ ಇದೇ ಅಂತ ಅವ್ವನ ತೀರ್ಪು. ಬೀಗರ ಎಲೆಗೆ ಕಪ್ಪು ಪಲ್ಯ ಬಡಿಸೋಕೆ ತಂಗಿ ಒಪ್ಪಲಿಲ್ಲ.

ಅಂಗಡಿ ಹುಡುಗ ಹಸಿ ಬೀನ್ಸನ್ನೇ ಸಣ್ಣಗೆ ಹೆಚ್ಚಿ ಪಚಡಿ ಮಾಡಿ ಅಂದ. ಸೌತೆಕಾಯಿ, ಮೆಂತ್ಯೆ ಸೊಪ್ಪಿನ ಹಾಗಲ್ಲ ಇದು, ಹಸಿ ತಿಂದರೆ ಹೊಟ್ಟೆ ಕೆಡಿಸುತ್ತೆ. ಬೇಯಿಸಿ ಆರಿಸಿದ್ದಕ್ಕೆ ಗಟ್ಟಿ ಮೊಸರು, ಹಸಿಮೆಣಸಿನಕಾಯಿ, ಸಾಸಿವೆ ಒಗ್ಗರಣೆ ಹಾಕಿ ಕೊಟ್ಟೆ. ಬಿಸಿಲಿಗೆ ತಂಪಾಗಿತ್ತು.

ಏಪ್ರಿಲ್ 20. ಒಂದೂವರೆ ಕೆಜಿ, ಒಂದೇ ಡಬರಿ

ಈ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ಸ್ವಲ್ಪಕ್ಕೆ ಸರಿ ಬಂದಿದ್ದು ಜಾಸ್ತಿಗೂ ಬರುತ್ತೆ ಅಂತ ಲೆಕ್ಕ. ದೊಡ್ಡ ಡಬರಿಯಲ್ಲಿ ನಲ್ಲಿ ನೀರು ಐದು ಲೀಟರ್ ಕುದಿಸಿ ಒಂದೂವರೆ ಕೆಜಿ ಬೀನ್ಸ್ ಒಟ್ಟಿಗೆ ಸುರಿದೆ.

ಕುದಿ ನಿಂತೇಹೋಯಿತು. ನಮ್ಮ ಮನೆ ಗ್ಯಾಸ್ ಒಲೆಯಲ್ಲಿ ಮತ್ತೆ ಕುದಿ ಬರೋಕೆ 9 ನಿಮಿಷ ಬೇಕಾಯಿತು. ಬೇಗ ಬರಲಿ ಅಂತ ಮುಚ್ಚಳ ಮುಚ್ಚಿದೆ, ಅದು ಎರಡನೇ ತಪ್ಪು. ಒಟ್ಟು 17 ನಿಮಿಷ. ತಳದವು ಹಿಸುಕಿದರೆ ಪೇಸ್ಟು, ಮೇಲಿನವು ಇನ್ನೂ ಗಟ್ಟಿ, ಬಣ್ಣ ಎಲ್ಲಕ್ಕೂ ಖಾಕಿ. ಮೂರು ದಿನ ಅದನ್ನೇ ತಿಂದೆವು. ಸಾರಿಗೆ, ಉಪ್ಪಿಟ್ಟಿಗೆ, ಚಿತ್ರಾನ್ನಕ್ಕೆ. ಮಗ ಡಬ್ಬಿ ತೆಗೆಯುವ ಮೊದಲೇ "ಬೀನ್ಸಾ?" ಅಂತ ಕೇಳೋಕೆ ಶುರು ಮಾಡಿದ.

ಏಪ್ರಿಲ್ 23. ಆವಿ

ನೀರು ಬೀನ್ಸಿಗೆ ತಾಗುವುದೇ ಬೇಡ ಅಂತ ಕೊನೆಗೆ ಇಡ್ಲಿ ಪಾತ್ರೆಗೆ ಬಂದೆ. ತೂತಿನ ತಟ್ಟೆ ಮೇಲೆ ತೆಳು ಬಟ್ಟೆ, ಅದರ ಮೇಲೆ ತುಂಡು. ಒಂದು ಕೆಜಿ ತಂದಿದ್ದೆ, ಎರಡು ಸಲಕ್ಕೆ ಹಂಚಿಕೊಂಡೆ.

ಮೊದಲ ಸಲ ತಟ್ಟೆ ತುಂಬ ಗುಡ್ಡೆ ಹಾಕಿದೆ. ನಡುವಿನದು ಬೇಯಲಿಲ್ಲ. ಎರಡನೇ ಸಲ ಎರಡು ಬೆರಳು ದಪ್ಪಕ್ಕೆ ಹರಡಿ, 5 ನಿಮಿಷಕ್ಕೆ ಒಮ್ಮೆ ಕೈಯಾಡಿಸಿ, ಒಟ್ಟು 9 ನಿಮಿಷ ಇಟ್ಟೆ. ಹೊರಗೆ ತೆಗೆದು ಒದ್ದೆ ಪಂಚೆಯ ಮೇಲೆ ಹರಡಿ ಫ್ಯಾನ್ ಹಾಕಿದೆ. ಹತ್ತು ನಿಮಿಷದಲ್ಲಿ ತಣ್ಣಗಾಯಿತು. ಹಸಿರು ನಿಂತಿತು. ಅವ್ವ ಒಸಡಿನಲ್ಲೇ ಒತ್ತಿ ನುಂಗಿದಳು. ಆವಿಗೆ ಬೋರ್ ನೀರು ಇಟ್ಟರೂ ನಡೆಯಿತು, ಗಡಸೆಲ್ಲ ಪಾತ್ರೆಯ ತಳದಲ್ಲೇ ಉಳಿಯಿತು.

ಒಂದು ತೊಂದರೆ ಕಂಡಿತು. ಮುಚ್ಚಳದಿಂದ ತೊಟ್ಟಿಕ್ಕುವ ನೀರು ಬಿದ್ದ ಜಾಗದ ತುಂಡುಗಳು ಬಣ್ಣ ಬಿಡುತ್ತವೆ. ಮುಚ್ಚಳಕ್ಕೆ ಒಳಗಡೆ ಬಟ್ಟೆ ಕಟ್ಟಿದೆ. ಅರ್ಧ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಅದೇ ದಿನ ತೆಂಗಿನಕಾಯಿಯನ್ನೂ ನೋಡಿದೆ. ಹಸಿ ತುರಿ ಬೆರೆಸಿದ ಒಂದು ಬಟ್ಟಲು, ಶೇಂಗಾ ಪುಡಿ ಮತ್ತು ಒಣಕೊಬ್ಬರಿ ಬೆರೆಸಿದ ಇನ್ನೊಂದು ಬಟ್ಟಲು. ಎರಡನ್ನೂ ಬೆಳಗ್ಗೆ 9ಕ್ಕೆ ಅಡುಗೆಮನೆ ಕಟ್ಟೆ ಮೇಲೆ ಇಟ್ಟೆ. ಮಧ್ಯಾಹ್ನ 2ಕ್ಕೆ ಹಸಿ ತುರಿಯದು ಹಳಸಿದ ವಾಸನೆ. ಶೇಂಗಾದ್ದು ಸರಿಯಾಗಿತ್ತು. ಹಸಿ ತುರಿ ಕ್ಯಾನ್ಸಲ್. ಉಳ್ಳಾಗಡ್ಡಿಯೂ ಬೇಡ ಅಂತ ತೀರ್ಮಾನಿಸಿದೆ.

ಏಪ್ರಿಲ್ 26. ಹಿಂದಿನ ದಿನ

ಬೀನ್ಸ್ ನಾಲ್ಕೂವರೆ ಕೆಜಿ, ಕೆಜಿಗೆ 120ರಂತೆ 540 ರೂಪಾಯಿ. ಪರೀಕ್ಷೆಗೆ ಹೋಗಿದ್ದು ಐದು ಕೆಜಿ, 500 ರೂಪಾಯಿ. ಅಂದರೆ ಬೀಗರು ತಿನ್ನುವುದಕ್ಕಿಂತ ಜಾಸ್ತಿ ನಾವೇ ತಿಂದಿದ್ದೆವು. ಮೂರು ತಟ್ಟೆಯ ದೊಡ್ಡ ಇಡ್ಲಿ ಪಾತ್ರೆ ಶಾಮಿಯಾನ ಅಂಗಡಿಯಿಂದ, ಬಾಡಿಗೆ 150.

ಆರಿಸುವಾಗ ಒಂದೊಂದನ್ನೂ ಮುರಿದು ನೋಡಲು ಪುರುಸೊತ್ತಿಲ್ಲ. ಆದರೂ ಹಿಡಿಗೆ ಒಂದನ್ನು ಮುರಿದೆ. ಟಕ್ ಅಂದರೆ ಎಳೆಯದು. ಬಾಗಿದರೆ ಬಾಡಿದ್ದು. ಹೊರಗಿಂದಲೇ ಕಾಳು ಉಬ್ಬಿ ಕಾಣುತ್ತಿದ್ದರೆ ಬಲಿತದ್ದು, ಅದು ಎಷ್ಟು ಬೇಯಿಸಿದರೂ ಸಿಪ್ಪೆ ಬಾಯಲ್ಲಿ ಉಳಿಯುತ್ತೆ. ಒದ್ದೆ ಗೋಣಿಚೀಲದಲ್ಲಿ ಸುತ್ತಿ ರಾತ್ರಿ ಕೂಲರ್ ಮುಂದೆ ಇಟ್ಟೆ.

ಏಪ್ರಿಲ್ 27. ಕುಬಸ

ಬೆಳಗ್ಗೆ 6ಕ್ಕೆ ಮೂರು ಜನ ನಾರು ತೆಗೆಯೋಕೆ ಕೂತೆವು. ಒಂದೂಕಾಲು ಗಂಟೆ. ಹೆಚ್ಚಿದ ಮೇಲೆ ತೂಕ 4 ಕೆಜಿ 20 ಗ್ರಾಂ. ಲೆಕ್ಕ ಇಷ್ಟು ಸರಿ ಬಂದಿದ್ದಕ್ಕೆ ಎದೆ ಸ್ವಲ್ಪ ಉಬ್ಬಿತು.

ಸಲಕ್ಕೆ ಒಂದು ಕೆಜಿ, ಮೂರು ತಟ್ಟೆಗೆ ಹಂಚಿ. ಅಡುಗೆಯವರ ದೊಡ್ಡ ಒಲೆ ಜೋರಾಗಿದ್ದರಿಂದ 8 ನಿಮಿಷಕ್ಕೇ ಬೆಂದವು. ನಾಲ್ಕು ಸಲ ಮುಗಿಯುವಾಗ 9 ಗಂಟೆ. ಎಲ್ಲವನ್ನೂ ಮಂಚದ ಮೇಲೆ ಒದ್ದೆ ಪಂಚೆ ಹಾಸಿ ಹರಡಿದ್ದೆವು. ಪೂರ್ತಿ ತಣ್ಣಗಾದ ಮೇಲೆ ಅಗಲ ಪಾತ್ರೆಗೆ ತುಂಬಿ, ಮುಚ್ಚಳದ ಬದಲು ಒದ್ದೆ ಬಟ್ಟೆ ಮುಚ್ಚಿ, ಫ್ಯಾನ್ ಕೆಳಗೇ ಬಿಟ್ಟೆವು. ಮಲಗೋ ಮಂಚದ ಮೇಲೆ ಬೀನ್ಸಾ ಅಂತ ಮುತ್ತೈದೆಯರು ಬಾಗಿಲಲ್ಲಿ ನಿಂತು ನೋಡಿ ಹೋದರು.

ಒಗ್ಗರಣೆ 12:20ಕ್ಕೆ. ಎಣ್ಣೆ 200 ಎಂಎಲ್, ಸಾಸಿವೆ, ಉದ್ದಿನಬೇಳೆ, ಜೀರಿಗೆ, ಸೀಳಿದ ಹಸಿಮೆಣಸಿನಕಾಯಿ 60 ಗ್ರಾಂ, ಎರಡು ಹಿಡಿ ಕರಿಬೇವು, ಅರಿಶಿನ ಚೂರೇ ಚೂರು (ಜಾಸ್ತಿ ಹಾಕಿದರೆ ಹಸಿರು ಮಂಕಾಗುತ್ತೆ). ಬೀನ್ಸನ್ನು ಎರಡು ಪಾಲು ಮಾಡಿ ಎರಡು ದೊಡ್ಡ ಬಾಣಲೆಯಲ್ಲಿ ಬರೀ ನಾಲ್ಕು ನಿಮಿಷ, ಹಬೆ ಬರುವಷ್ಟು ಬಿಸಿ ಮಾಡಿದೆ. ಇಳಿಸಿ, ಹುರಿದ ಶೇಂಗಾ ಪುಡಿ 350 ಗ್ರಾಂ, ಒಣಕೊಬ್ಬರಿ 150 ಗ್ರಾಂ. ಉಪ್ಪು ಕೆಜಿಗೆ ಹದಿನೈದೂವರೆ ಗ್ರಾಂ ಅಂತ ಮೊದಲೇ ಗೊತ್ತು, ನಾಲ್ಕು ಕೆಜಿಗೆ 62. ತೂಗಿ ಹಾಕಿದೆ. ರುಚಿ ನೋಡಲಿಲ್ಲ. ನೈವೇದ್ಯಕ್ಕೆ ಮೊದಲು ಎಂಜಲು ಮಾಡಬಾರದು ಅಂತ ಅತ್ತಿಗೆ ನಿಂತಿದ್ದರು. ನನಗೂ ತಕ್ಕಡಿ ಮೇಲೆ ನಂಬಿಕೆ.

ಒಂದು ಗಂಟೆಗೆ ಮೊದಲ ಪಂಕ್ತಿ, ಹದಿನಾರು ಎಲೆ, ಎಲ್ಲಾ ಬೀಗರ ಕಡೆಯ ಹಿರಿಯರು. ಹಸಿರು ಪಲ್ಯ ಬಾಳೆ ಎಲೆ ಮೇಲೆ ಎಲೆಗಿಂತ ಒಂದು ಬಣ್ಣ ಗಾಢವಾಗಿ ಕೂತಿತ್ತು. ನೀರು ಬಿಟ್ಟಿರಲಿಲ್ಲ. ನಾನು ಕಂಬಕ್ಕೆ ಒರಗಿ ನೋಡುತ್ತಾ ನಿಂತೆ. ಒಬ್ಬ ಯಜಮಾನರು ಎಲೆಯ ಮೂಲೆಯ ಉಪ್ಪನ್ನು ಬೆರಳಿನಲ್ಲಿ ತೆಗೆದು ಪಲ್ಯಕ್ಕೆ ಕಲಸಿದರು. ಆಮೇಲೆ ಪಕ್ಕದವರು. ಆಮೇಲೆ ಆ ಸಾಲಿನ ಮೂರನೆಯವರು.

ತಂಗಿ ಬಂದು ಕಿವಿಯಲ್ಲಿ, "ಅಣ್ಣಾ, ಉಪ್ಪು ಹಾಕಿಯೋ ಇಲ್ಲೋ?" ಅಂದಳು.

ಒಳಗೆ ಓಡಿದೆ. ತಕ್ಕಡಿಯ ಮೇಲೆ ಅದೇ ಸ್ಟೀಲ್ ಬಟ್ಟಲು ಇತ್ತು. ಖಾಲಿ ಬಟ್ಟಲಿಗೆ 38 ತೋರಿಸುತ್ತಿತ್ತು. ಬಟ್ಟಲು ಇಟ್ಟು ಸೊನ್ನೆ ಮಾಡುವುದನ್ನು ಮರೆತಿದ್ದೆ. 62 ಅಂತ ತೋರಿಸಿದ್ದರಲ್ಲಿ ಉಪ್ಪು 24 ಗ್ರಾಂ ಮಾತ್ರ. ಹದಿನೆಂಟು ವರ್ಷದಿಂದ ಗಿರಾಕಿಗಳಿಗೆ ಬಾಬಿನ್ ತೂಕ ಕಳೆದು ತಂತಿಯ ತೂಕ ಹೇಳುತ್ತಾ ಬಂದವನು ನಾನು.

ಒಣ ಪಲ್ಯಕ್ಕೆ ಮೇಲಿಂದ ಉಪ್ಪು ಉದುರಿಸಿದರೆ ಒಂದು ಕಡೆ ಸಪ್ಪೆ, ಒಂದು ಕಡೆ ಕಟು. ನೀರಿನಲ್ಲಿ ಕರಗಿಸಿದರೆ ಪಲ್ಯ ನೀರಾಗುತ್ತೆ. ಅಡುಗೆಯವರು ಹೇಳಿದ ಉಪಾಯ: ಉಳಿದಿದ್ದ ಶೇಂಗಾ ಪುಡಿ ಒಂದು ಬಟ್ಟಲಿಗೆ ಉಪ್ಪನ್ನು ನುಣ್ಣಗೆ ಅರೆದು ಬೆರೆಸಿ, ಪಲ್ಯವನ್ನು ಅಗಲ ತಟ್ಟೆಗೆ ಹರಡಿ, ಜರಡಿಯಲ್ಲಿ ಉದುರಿಸಿ ಕೆಳಗೆ ಮೇಲೆ ಮಾಡುವುದು. ಬಡಿಸಿದ್ದು ಕಳೆದು ಉಳಿದಿದ್ದ ಪಲ್ಯಕ್ಕೆ 24 ಗ್ರಾಂ ಸೇರಿಸಿದೆ. ಈ ಸಲ ಬಟ್ಟಲು ಇಟ್ಟು, ಸೊನ್ನೆ ಒತ್ತಿ, ಸೊನ್ನೆ ಬಂತಾ ಅಂತ ಎರಡು ಸಲ ನೋಡಿ.

ಎರಡನೇ ಪಂಕ್ತಿಯಲ್ಲಿ ಪಲ್ಯ ಎರಡು ಸಲ ಕೇಳಿ ಹಾಕಿಸಿಕೊಂಡರು. ಮೂರನೇ ಪಂಕ್ತಿಗೆ, ಅಂದರೆ ನಮ್ಮ ಮನೆಯವರಿಗೆ, ಒಂದೊಂದು ಸೌಟು ಉಳಿದಿತ್ತು. ಮಗ ತನ್ನ ಪಾಲನ್ನು ಅವ್ವನ ಎಲೆಗೆ ದಾಟಿಸಿದ. ಅವ್ವ ಗುರೆಳ್ಳ ಪುಡಿ ಡಬ್ಬಿ ತರಿಸಿಕೊಂಡು ಅದರ ಮೇಲೆ ಉದುರಿಸಿಕೊಂಡಳು.

ಮುಚ್ಚಳದ ನೀರು ತೊಟ್ಟಿಕ್ಕುವುದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಶಂಕುವಿನ ಆಕಾರದ ಮುಚ್ಚಳ ಇದ್ದರೆ ನೀರು ಪಕ್ಕಕ್ಕೆ ಇಳಿಯಬಹುದೇನೋ, ತಗಡಿನವರ ಹತ್ತಿರ ಕೇಳಬೇಕು. ಬಟ್ಟಲಿನ ತಳಕ್ಕೆ ಮಾರ್ಕರ್‌ನಲ್ಲಿ "38" ಅಂತ ಬರೆದಿಟ್ಟಿದ್ದೇನೆ. ಹೆಸರಿಡೋ ದಿನಕ್ಕೂ ಪಲ್ಯ ನೀನೇ ಅಂತ ತಂಗಿ ಹೇಳಿದ್ದಾಳೆ. ಉಪ್ಪು ಮಾತ್ರ ಅವಳೇ ಹಾಕುತ್ತಾಳಂತೆ.